ಧರ್ಮವನ್ನು ಟೀಕಿಸಿದರೆ ಜನರನ್ನು ದ್ವೇಷಿಸಿದಂತೆಯೇ?

ಯಾರಾದರೂ ಒಂದು ಧರ್ಮದ ಬಗ್ಗೆ ಖಾರವಾಗಿ ಮಾತಾಡಿದರೆ ತಕ್ಷಣ ಎರಡು ಗುಂಪು ಎದ್ದು ನಿಲ್ಲುತ್ತವೆ. "ಇದು ದ್ವೇಷ, ಇವರ ಬಾಯಿ ಮುಚ್ಚಿಸಿ" ಅಂತ ಒಂದು ಗುಂಪು. "ಇದು ಬರೀ ಟೀಕೆ, ಅದು ನಮ್ಮ ಹಕ್ಕು" ಅಂತ ಇನ್ನೊಂದು. ಆಡಿದ ಮಾತು ಏನು ಅಂತ ಪೂರ್ತಿ ಕೇಳುವ ತಾಳ್ಮೆ ಎರಡೂ ಕಡೆ ಕಡಿಮೆ. ಮಾತಾಡಿದವರು ಯಾವ ಕಡೆಯವರು ಅಂತ ಗೊತ್ತಾದರೆ ಸಾಕು, ತೀರ್ಪು ತಯಾರಾಗಿಬಿಡುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಧರ್ಮದ ಟೀಕೆ ತನ್ನಷ್ಟಕ್ಕೆ ದ್ವೇಷವಲ್ಲ. ಅದು ಎಷ್ಟೇ ಕಟುವಾಗಿದ್ದರೂ, ಕೇಳಿದವರಿಗೆ ಎಷ್ಟೇ ನೋವಾದರೂ ಅಲ್ಲ. ಆದರೆ "ನಾನು ಧರ್ಮವನ್ನಷ್ಟೇ ಟೀಕಿಸಿದ್ದು, ಜನರನ್ನಲ್ಲ" ಅಂತ ಒಂದು ಸಾಲು ಸೇರಿಸಿದ ಮಾತ್ರಕ್ಕೆ ಯಾರೂ ಪಾರಾಗುವುದಿಲ್ಲ. ಆ ಸಾಲು ನಿಜವೋ ನೆಪವೋ ಅಂತ ಪರೀಕ್ಷೆ ಮಾಡಲು ಬರುತ್ತದೆ. ಹೇಗೆ ಅನ್ನುವುದನ್ನೇ ಇಲ್ಲಿ ಬಿಡಿಸಿ ಹೇಳಬೇಕು ಅಂದುಕೊಂಡಿದ್ದೇನೆ.

ಒಂದೇ ಹೆಸರಿನಡಿ ನಾಲ್ಕು ಸಂಗತಿ

ಗೊಂದಲ ಹುಟ್ಟುವುದು ಧರ್ಮ ಅನ್ನುವ ಒಂದೇ ಹೆಸರಿನಡಿ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುವುದರಿಂದ. ಪ್ರತಿ ಧರ್ಮದಲ್ಲೂ ಕೆಲವು ಹೇಳಿಕೆಗಳಿರುತ್ತವೆ: ಜಗತ್ತು ಹೀಗೆ ಹುಟ್ಟಿತು, ಸತ್ತ ಮೇಲೆ ಹೀಗಾಗುತ್ತದೆ, ಈ ಗ್ರಂಥ ದೇವರ ಮಾತು. ಆಚರಣೆಗಳಿರುತ್ತವೆ. ಆಸ್ತಿ, ಅಧಿಕಾರ, ವಕೀಲರು ಎಲ್ಲ ಇರುವ ಸಂಸ್ಥೆಗಳಿರುತ್ತವೆ. ಕೊನೆಗೆ, ಆ ಧರ್ಮದ ಹೆಸರು ಹೊತ್ತ ಜನ ಇರುತ್ತಾರೆ.

ಹೇಳಿಕೆ ಸುಳ್ಳಾಗಿರಬಹುದು. ಆಚರಣೆ ಕ್ರೂರವಾಗಿರಬಹುದು. ಸಂಸ್ಥೆ ಕೆಟ್ಟುಹೋಗಿರಬಹುದು. ಈ ಮೂರನ್ನೂ ಪ್ರಶ್ನೆ ಮಾಡುವ ಹಕ್ಕು ಇಲ್ಲದಿದ್ದರೆ ಧರ್ಮಗಳೇ ಇರುತ್ತಿರಲಿಲ್ಲ. ಯೇಸು ದೇವರ ಮಗ ಅಂತ ಕ್ರೈಸ್ತರು ನಂಬುತ್ತಾರೆ. ಅಲ್ಲ, ಅವರು ಪ್ರವಾದಿ ಅನ್ನುತ್ತಾರೆ ಮುಸ್ಲಿಮರು. ಯಹೂದಿಗಳು ಎರಡನ್ನೂ ಒಪ್ಪುವುದಿಲ್ಲ. ವೇದವೇ ಕೊನೆಯ ಮಾತು ಅನ್ನುವುದನ್ನು ಬೌದ್ಧರೂ ಜೈನರೂ ಒಪ್ಪಲಿಲ್ಲ. ಒಂದು ಧರ್ಮವನ್ನು ನಂಬುವುದು ಅಂದರೇನೇ ಉಳಿದವುಗಳಲ್ಲಿ ಏನೋ ತಪ್ಪಿದೆ ಅಂತ ಹೇಳಿದಂತೆ. ಟೀಕೆಯೇ ದ್ವೇಷ ಅನ್ನುವುದಾದರೆ ಪ್ರತಿಯೊಬ್ಬ ಆಸ್ತಿಕನೂ ದ್ವೇಷಿಯೇ ಆಗಬೇಕಾಗುತ್ತದೆ.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಮಾತಷ್ಟೇ ಆಗುತ್ತದೆ. ಯಾಕೆಂದರೆ ಬಹುಪಾಲು ಜನ ಚರ್ಚೆ ಮಾಡಿ, ತೂಗಿ ನೋಡಿ ತಮ್ಮ ಧರ್ಮವನ್ನು ಆರಿಸಿಕೊಂಡವರಲ್ಲ. ಅದು ಹುಟ್ಟಿನಿಂದ ಬಂದದ್ದು. ಹೆಸರಿನಲ್ಲಿದೆ, ಮನೆಮಾತಿನಲ್ಲಿದೆ, ಉಡುಪಿನಲ್ಲಿದೆ, ಅಜ್ಜಿಯ ಪ್ರಾರ್ಥನೆಯಲ್ಲಿದೆ. ನಂಬಿಕೆ ಬಿಟ್ಟವರನ್ನೂ ಹೊರಗಿನ ಲೋಕ ಅದೇ ಹೆಸರಿನಿಂದ ಗುರುತಿಸುತ್ತದೆ. ದ್ವೇಷ ಮಾಡುವವನಿಗೆ ಎದುರಿಗಿರುವವನು ಏನು ನಂಬುತ್ತಾನೆ ಅನ್ನುವುದು ಬೇಕಾಗಿಯೇ ಇಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯಾದ ನಾಲ್ಕೇ ದಿನಕ್ಕೆ ಅಮೆರಿಕದ ಅರಿಜೋನಾದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಒಬ್ಬ ಸಿಖ್ಖರನ್ನು ಗುಂಡಿಟ್ಟು ಕೊಂದರು. ಕೊಂದವನು ನೋಡಿದ್ದು ಪೇಟ ಮತ್ತು ಗಡ್ಡ. ಅವರು ಮುಸ್ಲಿಮರಲ್ಲ ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಇಸ್ಲಾಮಿನ ಯಾವ ಬೋಧನೆಯ ಬಗ್ಗೆ ಅವನಿಗೆ ತಕರಾರಿತ್ತು ಅಂತ ಕೇಳುವುದರಲ್ಲಿ ಅರ್ಥವೇ ಇಲ್ಲ, ಅಲ್ವಾ?

ಹಾಗಾಗಿ "ಧರ್ಮ ಅಂದರೆ ಬರೀ ವಿಚಾರ, ವಿಚಾರಕ್ಕೆ ನೋವಾಗುವುದಿಲ್ಲ" ಅನ್ನುವ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವಿಚಾರಕ್ಕೆ ಹೊಡೆದ ಏಟು ಎಷ್ಟೋ ಸಲ ಜನರಿಗೆ ಬೀಳುತ್ತದೆ. ಬೀಳಲಿ ಅಂತಲೇ ಹೊಡೆಯುವವರೂ ಇದ್ದಾರೆ.

ಒಂದೇ ಧರ್ಮ, ಎರಡು ಬಗೆಯ ಆರೋಪ

ವ್ಯತ್ಯಾಸ ಕಣ್ಣಿಗೆ ಕಾಣಬೇಕಾದರೆ ಒಂದೇ ದೇಶದ, ಒಂದೇ ಧರ್ಮದ ಎರಡು ಕಥೆ ಪಕ್ಕಪಕ್ಕ ಇಟ್ಟು ನೋಡಬೇಕು. ಅಮೆರಿಕದ ಕ್ಯಾಥೊಲಿಕರನ್ನೇ ತೆಗೆದುಕೊಳ್ಳಿ.

1928ರಲ್ಲಿ ಆಲ್ ಸ್ಮಿತ್ ಅಧ್ಯಕ್ಷ ಚುನಾವಣೆಗೆ ನಿಂತರು. ದೊಡ್ಡ ಪಕ್ಷವೊಂದರಿಂದ ನಿಂತ ಮೊದಲ ಕ್ಯಾಥೊಲಿಕ್ ಅವರು. ಅವರು ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಗಿ ಏನು ಮಾಡಿದ್ದರು ಅನ್ನುವುದು ಎಲ್ಲರ ಕಣ್ಣ ಮುಂದೆ ಇತ್ತು. ಆದರೂ ಅವರ ವಿರುದ್ಧ ಜೋರಾಗಿ ಹಬ್ಬಿದ ಮಾತು ಇದು: ಕ್ಯಾಥೊಲಿಕರು ಮೊದಲು ಪೋಪ್ ಮಾತು ಕೇಳುತ್ತಾರೆ, ಆಮೇಲೆ ದೇಶ. ಬಿಳಿಯ ಪ್ರಾಟೆಸ್ಟೆಂಟರೇ ಮೇಲು ಅನ್ನುವ ಹಿಂಸಾತ್ಮಕ ಗುಂಪು ಕು ಕ್ಲಕ್ಸ್ ಕ್ಲಾನ್ ಈ ಮಾತನ್ನು ಊರೂರಿಗೆ ಒಯ್ದಿತು. 32 ವರ್ಷಗಳ ನಂತರವೂ ಆ ಮಾತು ಸತ್ತಿರಲಿಲ್ಲ. 1960ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಇನ್ನೊಬ್ಬ ಕ್ಯಾಥೊಲಿಕ್ ಜಾನ್ ಕೆನಡಿ ಹ್ಯೂಸ್ಟನ್‌ಗೆ ಹೋಗಿ, ಪ್ರಾಟೆಸ್ಟೆಂಟ್ ಪಾದ್ರಿಗಳ ಸಭೆಯಲ್ಲಿ ನಿಂತು, ತನ್ನ ನಿರ್ಧಾರಗಳನ್ನು ಚರ್ಚ್ ಹೇಳಿಕೊಡುವುದಿಲ್ಲ ಅಂತ ವಿವರಣೆ ಕೊಡಬೇಕಾಯಿತು.

ಈ ಆರೋಪದ ಗುಣ ಗಮನಿಸಿ. ಇಂಥವರು, ಇಂಥ ದಿನ, ಇಂಥ ದ್ರೋಹ ಮಾಡಿದರು ಅಂತ ಅದರಲ್ಲಿ ಎಲ್ಲೂ ಇಲ್ಲ. ಒಬ್ಬ ಕ್ಯಾಥೊಲಿಕ್ ದೇಶಕ್ಕಾಗಿ ದುಡಿದರೆ "ನಾಟಕ" ಅನ್ನಬಹುದು. ಪೋಪ್ ಜೊತೆ ಭಿನ್ನಾಭಿಪ್ರಾಯ ತೋರಿಸಿದರೆ "ಮೋಸ" ಅನ್ನಬಹುದು. ಯಾವ ಸಾಕ್ಷಿ ಕೊಟ್ಟರೂ ಸುಳ್ಳಾಗದ ಆರೋಪ ಅದು. ಆ ಧರ್ಮದಲ್ಲಿ ಹುಟ್ಟಿದ್ದೇ ಅಪರಾಧ.

ಈಗ ಇನ್ನೊಂದು ಕಥೆ. 2002ರ ಜನವರಿಯಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಒಂದು ಸರಣಿ ವರದಿ ಶುರು ಮಾಡಿತು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಪಾದ್ರಿಗಳನ್ನು ಬಾಸ್ಟನ್ ಧರ್ಮಪ್ರಾಂತದ ಮುಖ್ಯಸ್ಥರು ಪೊಲೀಸರಿಗೆ ಒಪ್ಪಿಸದೆ, ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗ ಮಾಡುತ್ತ ಬಂದಿದ್ದರು ಅನ್ನುವುದು ಅದರ ತಿರುಳು. ಮುಚ್ಚಿಟ್ಟಿದ್ದ ದಾಖಲೆಗಳನ್ನು ತೆರೆಸಲು ಪತ್ರಿಕೆ ಕೋರ್ಟಿಗೆ ಹೋಗಿತ್ತು. ವರದಿಯಲ್ಲಿ ಹೆಸರಿತ್ತು, ತಾರೀಖಿತ್ತು, ಚರ್ಚಿನ ಅಧಿಕಾರಿಗಳೇ ಬರೆದ ಪತ್ರಗಳಿದ್ದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಆ ಧರ್ಮಪ್ರಾಂತದ ಮುಖ್ಯಸ್ಥ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಟ್ಟರು. ಇದೇ ಕಾರ್ಡಿನಲ್ ಹತ್ತು ವರ್ಷ ಹಿಂದೆ, 1992ರಲ್ಲಿ, ಇಂಥದ್ದೇ ಇನ್ನೊಂದು ಪ್ರಕರಣದ ಸುದ್ದಿ ಬಂದಾಗ, ಮಾಧ್ಯಮಗಳ ಮೇಲೆ, ಅದರಲ್ಲೂ ಗ್ಲೋಬ್ ಮೇಲೆ, ದೇವರ ಶಕ್ತಿ ಇಳಿಯಲಿ ಅಂತ ಬಹಿರಂಗವಾಗಿ ಹೇಳಿದ್ದರು. 2018ರಲ್ಲಿ ಪೆನ್ಸಿಲ್ವೇನಿಯಾದ ಗ್ರ್ಯಾಂಡ್ ಜ್ಯೂರಿ (ಆರೋಪಗಳನ್ನು ಪರಿಶೀಲಿಸುವ ನಾಗರಿಕರ ತಂಡ) ಆರು ಧರ್ಮಪ್ರಾಂತಗಳ ದಾಖಲೆ ತೆರೆಸಿದಾಗ 300ಕ್ಕೂ ಹೆಚ್ಚು ಪಾದ್ರಿಗಳ ಹೆಸರೂ, ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲಾದ ದೌರ್ಜನ್ಯವೂ ಹೊರಬಂತು.

ಇದು ಕ್ಯಾಥೊಲಿಕ್ ಚರ್ಚಿನ ಮೇಲಿನ ಅತಿ ಕಟುವಾದ ಟೀಕೆ. ಆ ಧರ್ಮದ ಮರ್ಯಾದೆಗೆ ಇದರಿಂದ ಆದಷ್ಟು ಪೆಟ್ಟು ಕು ಕ್ಲಕ್ಸ್ ಕ್ಲಾನ್‌ನಿಂದಲೂ ಆಗಿರಲಿಕ್ಕಿಲ್ಲ. ಆದರೂ ಇದರಲ್ಲಿ ದ್ವೇಷ ಇಲ್ಲ. ದೂರು ಕೊಟ್ಟವರು ಬಹುತೇಕ ಕ್ಯಾಥೊಲಿಕರೇ. ಅವರ ಮಕ್ಕಳೇ ಆ ಚರ್ಚುಗಳಿಗೆ ಹೋಗುತ್ತಿದ್ದದ್ದು. ಇದನ್ನು ಧರ್ಮದ ಮೇಲಿನ ದಾಳಿ ಅಂತ ಕರೆದಾಗ ಮುಖಂಡರು ಕಾಪಾಡಿದ್ದು ಯಾರನ್ನು? ಭಕ್ತರನ್ನಂತೂ ಅಲ್ಲ.

ಲೂಥರ್‌ನ ಎರಡು ಬರಹ

ಇನ್ನೂ ಹತ್ತಿರದಿಂದ ನೋಡಬೇಕಾದರೆ ಒಬ್ಬನೇ ಮನುಷ್ಯನನ್ನು ನೋಡಬೇಕು. ಪ್ರಾಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರ್ 1517ರಲ್ಲಿ ತನ್ನ 95 ವಾದಗಳನ್ನು ಚರ್ಚಿನ ಮುಂದಿಟ್ಟ. ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಅಂತ ಹೇಳಿ ಕ್ಷಮಾಪತ್ರ ಮಾರಿ ದುಡ್ಡು ಮಾಡುತ್ತೀರಲ್ಲ, ಇದು ಯಾವ ನ್ಯಾಯ ಅನ್ನುವುದು ಅವನ ಮುಖ್ಯ ತಕರಾರು. ಅವನು ಬೊಟ್ಟು ಮಾಡಿದ್ದು ಒಂದು ವ್ಯವಹಾರಕ್ಕೆ. ಅದನ್ನು ನಡೆಸುವವರು ಯಾರು, ದುಡ್ಡು ಎಲ್ಲಿಗೆ ಹೋಗುತ್ತದೆ, ಗ್ರಂಥದಲ್ಲಿ ಇದಕ್ಕೆ ಆಧಾರ ಇದೆಯೇ ಅಂತ ಕೇಳಿದ. ಉತ್ತರ ಕೊಡಿ ಅಂತ ಚರ್ಚೆಗೆ ಕರೆದ. ಧರ್ಮದ ಟೀಕೆ ಅಂದರೆ ಇದು.

ಅದೇ ಲೂಥರ್ 1523ರಲ್ಲಿ ಯಹೂದಿಗಳ ಬಗ್ಗೆ ಒಂದು ಪುಸ್ತಿಕೆ ಬರೆದ. ಅವರನ್ನು ಇಷ್ಟು ಕೆಟ್ಟದಾಗಿ ನಡೆಸಿಕೊಳ್ಳುತ್ತಿರುವುದು ತಪ್ಪು, ಪ್ರೀತಿಯಿಂದ ಕಂಡರೆ ಕ್ರೈಸ್ತರಾದಾರು ಅನ್ನುವುದು ಅದರ ಧಾಟಿ. ಅವರು ಆಗಲಿಲ್ಲ. 1543ರಲ್ಲಿ ಇನ್ನೊಂದು ಪುಸ್ತಕ ಬಂತು. ಅದರ ಬಹುಪಾಲು ನೋಡಲು ಧರ್ಮಶಾಸ್ತ್ರದ ಜಗಳವೇ. ಆದರೆ ಕೊನೆಯ ಭಾಗಕ್ಕೆ ಬಂದರೆ ಸಲಹೆಗಳಿವೆ. ಸಿನಗಾಗ್‌ಗಳಿಗೆ, ಅಂದರೆ ಅವರ ಪ್ರಾರ್ಥನಾ ಮಂದಿರಗಳಿಗೆ, ಬೆಂಕಿ ಹಚ್ಚಿ. ಅವರ ಮನೆಗಳನ್ನು ಕೆಡವಿ. ಪ್ರಾರ್ಥನಾ ಪುಸ್ತಕ ಕಿತ್ತುಕೊಳ್ಳಿ. ಅವರ ಧರ್ಮಗುರುಗಳಾದ ರಬ್ಬಿಗಳು ಪಾಠ ಮಾಡದಂತೆ ತಡೆಯಿರಿ. ದಾರಿಯಲ್ಲಿ ಓಡಾಡುವ ರಕ್ಷಣೆ ತೆಗೆದುಹಾಕಿ. ಹಣ, ಬೆಳ್ಳಿ, ಬಂಗಾರ ವಶಪಡಿಸಿಕೊಳ್ಳಿ. ಯುವಕರ ಕೈಗೆ ಕೊಡಲಿ, ಗುದ್ದಲಿ ಕೊಟ್ಟು ದುಡಿಸಿ.

ಎರಡರ ನಡುವಿನ ವ್ಯತ್ಯಾಸ ಭಾಷೆಯ ಖಾರದಲ್ಲಿಲ್ಲ. ಪೋಪ್ ಬಗ್ಗೆಯೂ ಲೂಥರ್ ಹೊಲಸು ಮಾತಾಡಿದ್ದಾನೆ, ಅದರಲ್ಲಿ ಅವನದು ಎತ್ತಿದ ಕೈ. ವ್ಯತ್ಯಾಸ ಇರುವುದು ಅವನು ಕೇಳಿದ ಪರಿಹಾರದಲ್ಲಿ. ಮೊದಲನೆಯದರಲ್ಲಿ ಕ್ಷಮಾಪತ್ರದ ಮಾರಾಟ ನಿಲ್ಲಬೇಕು. ಎರಡನೆಯದರಲ್ಲಿ ಒಂದು ಮನೆ ಉರುಳಬೇಕು, ಅದರೊಳಗೆ ಯಾರಿದ್ದರೂ ಸರಿ. ಆ ಮನೆಯ ಮಗು ಏನು ನಂಬುತ್ತದೆ ಅಂತ ಯಾರೂ ಕೇಳುವುದಿಲ್ಲ.

ನನಗೆ ಜಾಸ್ತಿ ನಂಬಿಕೆಯಿರುವ ಪರೀಕ್ಷೆ ಇದೇ. ಧರ್ಮವೊಂದರ ಮೇಲೆ ಉರಿದುಬೀಳುವವರಿಗೆ ಸುಮ್ನೆ ಒಂದು ಪ್ರಶ್ನೆ ಕೇಳಿ: "ಸರಿ, ಹಾಗಾದರೆ ಏನು ಮಾಡಬೇಕು ಅಂತೀರಿ?" ಟೀಕೆ ಮಾಡುವವರ ಬಳಿ ಇದಕ್ಕೆ ಉತ್ತರ ಇರುತ್ತದೆ: ಆ ಪದ್ಧತಿ ನಿಲ್ಲಬೇಕು, ಆ ಹೇಳಿಕೆಯನ್ನು ಮಕ್ಕಳಿಗೆ ವಿಜ್ಞಾನ ಅಂತ ಕಲಿಸಬಾರದು, ಆ ಮುಖಂಡ ಲೆಕ್ಕ ಕೊಡಬೇಕು. ದ್ವೇಷದ ಉತ್ತರದಲ್ಲಿ ಯಾವಾಗಲೂ ಜನ ಕಾಣೆಯಾಗಬೇಕಾಗುತ್ತದೆ. ಅವರು ಇಲ್ಲಿಂದ ಹೋಗಬೇಕು, ಅವರಿಗೆ ಕೆಲಸ ಕೊಡಬಾರದು, ಅವರ ಸಂಖ್ಯೆ ಬೆಳೆಯಬಾರದು.

ಒಂದು ಮಾತು ಜಾರುವ ಬಗೆ

ಜಾರುವುದು ಒಮ್ಮೆಗೇ ಅಲ್ಲ, ಮೆಲ್ಲಗೆ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. "ಈ ಧರ್ಮದ ನಿಯಮದಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಕಡಿಮೆ, ಇದು ಅನ್ಯಾಯ" ಅಂತ ಒಬ್ಬರು ಹೇಳುತ್ತಾರೆ. ಇದು ಟೀಕೆ. ಗ್ರಂಥ ತೆರೆದು ನಿಜವೋ ಸುಳ್ಳೋ ನೋಡಬಹುದು. "ಈ ನಿಯಮವನ್ನು ಸಮರ್ಥಿಸುವ ಮುಖಂಡರು ಹೆಣ್ಣುಮಕ್ಕಳಿಗೆ ಮೋಸ ಮಾಡುತ್ತಿದ್ದಾರೆ" ಅಂದರೆ ಮಾತು ಬಿಸಿಯಾಯಿತು, ಆದರೂ ಟೀಕೆಯೇ. "ಆ ಧರ್ಮದ ಗಂಡಸರು ಹೆಣ್ಣನ್ನು ಮನುಷ್ಯಳು ಅಂತಲೇ ನೋಡುವುದಿಲ್ಲ" ಅಂದಾಗ ಮಾತು ಗೆರೆ ದಾಟಿತು. ನಿಯಮ ಹೋಗಿ ಆ ಜಾಗಕ್ಕೆ ಜನ ಬಂದರು, ಅದೂ ಎಲ್ಲರೂ, ಆ ನಿಯಮದ ವಿರುದ್ಧ ಹೋರಾಡುತ್ತಿರುವ ಅವರದೇ ಗಂಡಸರೂ ಸೇರಿ. ಮುಂದಿನ ಮಾತು: "ಅಂಥವರಿಗೆ ಮನೆ ಬಾಡಿಗೆಗೆ ಕೊಡಬಾರದು." ಇಲ್ಲಿಗೆ ಬರುವ ಹೊತ್ತಿಗೆ ಆಸ್ತಿಯ ಮಾತೇ ಇಲ್ಲ. ಯಾವ ಹೆಣ್ಣುಮಗಳ ಪರವಾಗಿ ಮಾತು ಶುರುವಾಯಿತೋ ಅವಳಿಗೂ ಈಗ ಮನೆ ಸಿಗುವುದಿಲ್ಲ.

ಜನಾಂಗ ಸಮಾನತೆಗಾಗಿ ಕೆಲಸ ಮಾಡುವ ಬ್ರಿಟನ್ನಿನ ರನ್ನಿಮೀಡ್ ಟ್ರಸ್ಟ್ 1997ರಲ್ಲಿ ಮುಸ್ಲಿಂ ದ್ವೇಷದ ಬಗ್ಗೆ ಒಂದು ವರದಿ ತಂದಿತು. ಇಸ್ಲಾಮೊಫೋಬಿಯಾ (ಇಸ್ಲಾಮಿನ, ಮುಸ್ಲಿಮರ ಬಗೆಗಿನ ಭಯ ಮತ್ತು ದ್ವೇಷ) ಅನ್ನುವ ಮಾತು ಎಲ್ಲರ ಬಾಯಿಗೆ ಬರಲು ಆ ವರದಿಯೂ ದೊಡ್ಡ ಕಾರಣ. ಅದು ಇಸ್ಲಾಮನ್ನು ಟೀಕಿಸಬಾರದು ಅಂತ ಹೇಳಿತು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗೆ ಹೇಳಿರಲಿಲ್ಲ. ಮುಚ್ಚಿದ ದೃಷ್ಟಿ, ತೆರೆದ ದೃಷ್ಟಿ ಅಂತ ಎರಡು ಬಗೆ ಮಾಡಿ, ಅವುಗಳ ನಡುವೆ ಎಂಟು ವ್ಯತ್ಯಾಸ ಪಟ್ಟಿ ಮಾಡಿತ್ತು. ಒಂದು ಧರ್ಮದವರೆಲ್ಲ ಒಂದೇ ಅಚ್ಚು, ಎಂದೂ ಬದಲಾಗದವರು ಅಂತ ನೋಡುವುದು ಮುಚ್ಚಿದ ದೃಷ್ಟಿ. ಅವರೊಳಗೇ ಜಗಳ, ಬದಲಾವಣೆ, ಭಿನ್ನಮತ ಇದೆ ಅಂತ ನೋಡುವುದು ತೆರೆದ ದೃಷ್ಟಿ. ಅವರು ನಮ್ಮ ಮೇಲೆ ಮಾಡುವ ಟೀಕೆಯನ್ನು ಕೇಳದೆ ತಳ್ಳಿಹಾಕುವುದು ಒಂದು, ಕೇಳಿ ಉತ್ತರ ಕೊಡುವುದು ಇನ್ನೊಂದು. ಕೊನೆಯ ಈ ವ್ಯತ್ಯಾಸ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಬೇರೆಯವರ ಗ್ರಂಥದ ಒಂದು ಸಾಲು ಹಿಡಿದು ಇಡೀ ಸಮುದಾಯವನ್ನು ಅಳೆಯುವವರು, ತಮ್ಮ ಗ್ರಂಥದ ಅಂಥದ್ದೇ ಸಾಲು ತೋರಿಸಿದರೆ "ಅದು ಆ ಕಾಲಕ್ಕೆ ಸರಿ" ಅನ್ನುತ್ತಾರೆ. ಅಳತೆಗೋಲು ಎರಡು ಇದ್ದರೆ ಅಲ್ಲಿ ಧರ್ಮದ ಚರ್ಚೆ ನಡೆಯುತ್ತಿಲ್ಲ ಅಂತಲೇ ಅರ್ಥ.

ಟೀಕೆಯ ವೇಷದ ಸುಳ್ಳು

1911ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಕೀವ್ ನಗರದ ಹೊರವಲಯದ ಗುಹೆಯೊಂದರಲ್ಲಿ 13 ವರ್ಷದ ಹುಡುಗನ ಶವ ಸಿಕ್ಕಿತು. ಯಹೂದಿಗಳು ತಮ್ಮ ಹಬ್ಬದ ಆಚರಣೆಗೆ ಕ್ರೈಸ್ತ ಮಕ್ಕಳ ರಕ್ತ ಬಳಸುತ್ತಾರೆ ಅನ್ನುವ ಹಳೇ ಸುಳ್ಳು ಮತ್ತೆ ಎದ್ದಿತು. 12ನೇ ಶತಮಾನದ ಇಂಗ್ಲೆಂಡಿನಿಂದಲೂ ಯುರೋಪಿನಲ್ಲಿ ಓಡಾಡುತ್ತಿದ್ದ ಸುಳ್ಳದು. ಇಟ್ಟಿಗೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಮೆಂಡೆಲ್ ಬೈಲಿಸ್ ಅನ್ನುವ ಯಹೂದಿಯನ್ನು ಹಿಡಿದು ಎರಡು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿಟ್ಟರು. 1913ರ ವಿಚಾರಣೆಯಲ್ಲಿ ಯಹೂದಿ ಧರ್ಮದ ಪರಿಣಿತ ಅಂತ ಒಬ್ಬ ಪಾದ್ರಿಯನ್ನು ಸರ್ಕಾರ ಸಾಕ್ಷಿ ಹೇಳಿಸಲು ಕರೆತಂದಿತು. ಬೈಲಿಸ್ ಪರ ವಕೀಲರು ಯಹೂದಿಗಳ ಧರ್ಮಗ್ರಂಥ ತಾಲ್ಮುದ್ ಬಗ್ಗೆ ತೀರಾ ಸಾಧಾರಣ ಪ್ರಶ್ನೆ ಕೇಳಿದಾಗ ಆತನಿಗೆ ಉತ್ತರ ಗೊತ್ತಿರಲಿಲ್ಲ. ಜ್ಯೂರಿ ಬೈಲಿಸ್‌ರನ್ನು ಬಿಡುಗಡೆ ಮಾಡಿತು.

ಈ ಆರೋಪ ನೋಡಲು ಆಚರಣೆಯೊಂದರ ಟೀಕೆಯ ಹಾಗೇ ಇದೆ. "ನಾವು ಜನರನ್ನು ದ್ವೇಷಿಸುತ್ತಿಲ್ಲ, ಮಕ್ಕಳ ಬಲಿಯನ್ನು ವಿರೋಧಿಸುತ್ತಿದ್ದೇವೆ" ಅಂತ ಆಗಲೂ ಹೇಳಬಹುದಿತ್ತು. ಆದರೆ ಅಂಥ ಆಚರಣೆಯೇ ಇರಲಿಲ್ಲ. ಟೀಕಿಸುವವರಿಗೆ ಟೀಕಿಸುವ ವಸ್ತು ಗೊತ್ತಿರಬೇಕು ಅನ್ನುವುದು ಇದಕ್ಕೇ. ಪಂಡಿತರೇ ಆಗಬೇಕಿಲ್ಲ. ಆದರೆ ಹೇಳಿದ್ದು ಸುಳ್ಳು ಅಂತ ತೋರಿಸಿಕೊಟ್ಟಾಗ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಾರೋ, ಅಥವಾ ಮಾರನೇ ದಿನ ಅದನ್ನೇ ಮತ್ತೆ ಹಂಚುತ್ತಾರೋ ಅನ್ನುವುದನ್ನು ನೋಡಿದರೆ ಸಾಕು.

ಒಳಗಿನವರ ದನಿ

ದ್ವೇಷ ಅನ್ನುವ ಹಣೆಪಟ್ಟಿ ಅತಿ ಹೆಚ್ಚು ಅನ್ಯಾಯ ಮಾಡುವುದು ಧರ್ಮದ ಒಳಗಿನಿಂದಲೇ ಮಾತಾಡುವವರಿಗೆ, ಅದರಿಂದ ಪೆಟ್ಟು ತಿಂದವರಿಗೆ. ಅಮೆರಿಕದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರ ತಮ್ಮ ಆತ್ಮಕಥೆಯಲ್ಲಿ ಗುಲಾಮರ ಒಡೆಯರ ಕ್ರೈಸ್ತ ಧರ್ಮವನ್ನು ಸಿಗಿದು ಹಾಕಿದರು. ವಾರವಿಡೀ ಚಾಟಿ ಬೀಸುವವನೇ ಭಾನುವಾರ ಬೋಧನೆ ಮಾಡುತ್ತಾನೆ ಅಂತ ಬರೆದರು. ಬರೆದು, ಪುಸ್ತಕದ ಕೊನೆಗೆ ಒಂದು ಟಿಪ್ಪಣಿ ಸೇರಿಸಿದರು: ಈ ದೇಶದ ಕ್ರೈಸ್ತ ಧರ್ಮಕ್ಕೂ ಕ್ರಿಸ್ತನ ಧರ್ಮಕ್ಕೂ ನಡುವೆ ಅಜಗಜಾಂತರ ಇದೆ, ಒಂದನ್ನು ಪ್ರೀತಿಸುತ್ತೇನಾದ್ದರಿಂದಲೇ ಇನ್ನೊಂದನ್ನು ವಿರೋಧಿಸಬೇಕು ಅಂತ. ಅವರನ್ನು ಧರ್ಮದ ಶತ್ರು ಅನ್ನುವವರು ಇದ್ದಾರೆ ಅಂತ ಅವರಿಗೆ ಗೊತ್ತಿತ್ತು.

ಅಂಬೇಡ್ಕರ್ ಅವರದು ಇನ್ನೂ ಕಟು ಅನುಭವ. 1936ರಲ್ಲಿ ಲಾಹೋರಿನ ಜಾತಿವಿರೋಧಿ ಸಂಘಟನೆಯೊಂದು ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆಯಿತು. ಬರೆದು ಕಳಿಸಿದ ಭಾಷಣ ಓದಿ ಬೆಚ್ಚಿಬಿದ್ದು ಸಮ್ಮೇಳನವನ್ನೇ ರದ್ದು ಮಾಡಿತು. ಜಾತಿಗೆ ಬಲ ಕೊಡುತ್ತಿರುವುದು ಶಾಸ್ತ್ರಗಳ ಮೇಲಿನ ನಂಬಿಕೆ, ಆ ನಂಬಿಕೆ ಅಲುಗಾಡದೆ ಜಾತಿ ಹೋಗುವುದಿಲ್ಲ ಅನ್ನುವುದು ಅವರ ವಾದ. ಅವರು ಆ ಭಾಷಣವನ್ನು ತಾವೇ ಅಚ್ಚು ಹಾಕಿಸಿದರು. 20 ವರ್ಷಗಳ ನಂತರ, 1956ರಲ್ಲಿ, ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸೇರಿದರು. ಆ ವಾದವನ್ನು ಯಾರಾದರೂ ಒಪ್ಪದಿರಬಹುದು. ಆದರೆ ತಮ್ಮನ್ನು ಬಾವಿ ಮುಟ್ಟಲು ಬಿಡದ ವ್ಯವಸ್ಥೆಯನ್ನು ಅದರ ಬೇರಿನವರೆಗೆ ಹೋಗಿ ಪ್ರಶ್ನಿಸಿದವರನ್ನು ದ್ವೇಷಿ ಅಂದರೆ, ದ್ವೇಷ ಯಾರದು ಯಾರ ಮೇಲೆ ಅನ್ನುವುದೇ ತಲೆಕೆಳಗಾಗುತ್ತದೆ.

ಹಾಗಾಗಿ ಯಾರು, ಯಾವ ಜಾಗದಲ್ಲಿ ನಿಂತು ಮಾತಾಡುತ್ತಿದ್ದಾರೆ ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಅಧಿಕಾರ ಇರುವ ಬಹುಸಂಖ್ಯಾತರ ನಾಯಕ ಸಣ್ಣ ಸಮುದಾಯವೊಂದರ ಪ್ರಾರ್ಥನೆಯನ್ನು ಗೇಲಿ ಮಾಡಿದರೆ ಮಾರನೇ ದಿನ ಆ ಸಮುದಾಯದ ಮಕ್ಕಳು ಶಾಲೆಯಲ್ಲಿ ಅದರ ಫಲ ಉಣ್ಣುತ್ತಾರೆ. ಅದೇ ಮಾತನ್ನು ಆ ಸಮುದಾಯದ ಹುಡುಗಿಯೊಬ್ಬಳು ಹೇಳಿದರೆ ಅದು ಅವಳ ಬದುಕಿನ ಮಾತು. ಆದರೆ ಇದನ್ನು ಒಂದು ನಿಯಮ ಮಾಡಿ, ಅಲ್ಪಸಂಖ್ಯಾತರ ಧರ್ಮವನ್ನು ಯಾರೂ ಟೀಕಿಸಬಾರದು ಅನ್ನುವುದು ಕೂಡ ತಪ್ಪು. ಆ ಹುಡುಗಿ ತನ್ನವರಿಂದ "ನೀನು ಶತ್ರುಗಳ ಕೈಗೆ ಕೋಲು ಕೊಟ್ಟೆ" ಅಂತ ಬೈಸಿಕೊಳ್ಳುತ್ತಾಳೆ. ಹೊರಗಿನ ಸಜ್ಜನರು "ಸೂಕ್ಷ್ಮ ವಿಷಯ" ಅಂತ ಸುಮ್ಮನಿದ್ದುಬಿಡುತ್ತಾರೆ. ಅವಳ ಪಕ್ಕ ನಿಲ್ಲುವವರು ಯಾರೂ ಉಳಿಯುವುದಿಲ್ಲ, ನಿಜವಾದ ದ್ವೇಷಿಗಳ ಹೊರತು. ಅವರಿಗಂತೂ ಅವಳ ಮಾತು ಬೇಕು, ಅವಳು ಬೇಡ.

ನೋವು ಮತ್ತು ಕಾನೂನು

ನಂಬಿದ್ದನ್ನು ಯಾರಾದರೂ ಆಡಿಕೊಂಡರೆ ಆಗುವ ನೋವು ನಿಜವಾದದ್ದು. ಅದನ್ನು ಹಗುರವಾಗಿ ನೋಡುವವರ ಜೊತೆ ನಾನಿಲ್ಲ. ಆದರೆ ನೋವಾಯಿತು ಅನ್ನುವುದು ಎದುರಿನವರಲ್ಲಿ ದ್ವೇಷ ಇತ್ತು ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ. ದೇವರಿಲ್ಲ ಅನ್ನುವ ಸೌಮ್ಯ ಮಾತಿನಿಂದಲೂ ಒಬ್ಬರಿಗೆ ನೋವಾಗುತ್ತದೆ. ನೋವನ್ನೇ ಅಳತೆ ಮಾಡಿಕೊಂಡರೆ, ಜಾಸ್ತಿ ಗಲಾಟೆ ಮಾಡಬಲ್ಲವರ ನೋವಿಗೆ ಮಾತ್ರ ಬೆಲೆ ಬರುತ್ತದೆ.

ಕಾನೂನು ಈ ವಿಷಯದಲ್ಲಿ ಇನ್ನೂ ತಡಕಾಡುತ್ತಿದೆ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದದ 19ನೇ ವಿಧಿ ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುತ್ತದೆ. 20ನೇ ವಿಧಿ, ತಾರತಮ್ಯಕ್ಕೆ, ಹಗೆತನಕ್ಕೆ ಅಥವಾ ಹಿಂಸೆಗೆ ಎತ್ತಿಕಟ್ಟುವ ಧಾರ್ಮಿಕ ದ್ವೇಷವನ್ನು ನಿಷೇಧಿಸಿ ಅನ್ನುತ್ತದೆ. ಗಮನಿಸಿ, ಎರಡರಲ್ಲೂ ರಕ್ಷಣೆ ಇರುವುದು ಮನುಷ್ಯರಿಗೆ. 1999ರಿಂದ 2010ರವರೆಗೆ ವಿಶ್ವಸಂಸ್ಥೆಯಲ್ಲಿ "ಧರ್ಮಗಳ ಮಾನಹಾನಿ" ವಿರುದ್ಧ ಮತ್ತೆ ಮತ್ತೆ ನಿರ್ಣಯ ಪಾಸಾದವು. ಧರ್ಮಕ್ಕೇ ಒಂದು ಮಾನ ಇದೆ, ಅದನ್ನು ಕಾನೂನು ಕಾಯಬೇಕು ಅನ್ನುವುದು ಆ ನಿರ್ಣಯಗಳ ಭಾವ.

2011 ಈ ವಿಷಯದಲ್ಲಿ ತಿರುವಿನ ವರ್ಷ. ಜನವರಿಯಲ್ಲಿ ಪಾಕಿಸ್ತಾನದ ಪಂಜಾಬ್ ಗವರ್ನರ್ ಸಲ್ಮಾನ್ ತಾಸೀರ್ ಅವರನ್ನು ಅವರ ಅಂಗರಕ್ಷಕನೇ ಕೊಂದ. ಮಾರ್ಚ್ 2ರಂದು ಸಚಿವ ಶಹಬಾಜ್ ಭಟ್ಟಿ ಅವರ ಕೊಲೆಯಾಯಿತು. ಇಬ್ಬರೂ ಟೀಕಿಸಿದ್ದು ಧರ್ಮವನ್ನಲ್ಲ, ಧರ್ಮನಿಂದನೆಯ ಕಾನೂನನ್ನು. ಅದೇ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ಒಪ್ಪಿದ 16/18 ಸಂಖ್ಯೆಯ ನಿರ್ಣಯದಲ್ಲಿ ಮಾನಹಾನಿಯ ಮಾತು ಇರಲಿಲ್ಲ. ಅದರ ಬದಲು, ಧರ್ಮದ ಕಾರಣಕ್ಕೆ ಜನರ ಮೇಲೆ ಆಗುವ ತಾರತಮ್ಯ ಮತ್ತು ಹಿಂಸೆಯ ಮಾತಿತ್ತು. ಕೆಲವೇ ತಿಂಗಳಲ್ಲಿ, 1966ರ ಒಪ್ಪಂದದ ಪಾಲನೆ ನೋಡಿಕೊಳ್ಳುವ ಮಾನವ ಹಕ್ಕು ಸಮಿತಿ, ಬರೀ ಧರ್ಮಕ್ಕೆ ಅಗೌರವ ತೋರಿದ್ದನ್ನು ಅಪರಾಧ ಮಾಡುವ ಕಾನೂನುಗಳು ಒಪ್ಪಂದಕ್ಕೆ ಹೊಂದುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿತು. 2012ರಲ್ಲಿ ಮೊರಾಕ್ಕೊದ ರಬಾತ್‌ನಲ್ಲಿ ಸೇರಿದ ತಜ್ಞರು, ಮಾತೊಂದು ಶಿಕ್ಷಾರ್ಹವಾಗಬೇಕಾದರೆ ಏನೇನು ನೋಡಬೇಕು ಅಂತ ಆರು ಅಂಶ ಕೊಟ್ಟರು: ಸಂದರ್ಭ, ಮಾತಾಡಿದವರ ಸ್ಥಾನ, ಉದ್ದೇಶ, ಮಾತಿನ ಸ್ವರೂಪ, ಅದು ಎಷ್ಟು ದೂರ ಹೋಯಿತು, ಅನಾಹುತ ಆಗುವ ಸಾಧ್ಯತೆ ಎಷ್ಟು. ಜೈಲಿನ ವಿಷಯಕ್ಕೆ ಹೊರತಾಗಿಯೂ ಈ ಆರು ಅಂಶ ಉಪಯೋಗಕ್ಕೆ ಬರುತ್ತವೆ.

ದೇಶಗಳ ಕಾನೂನು ಮಾತ್ರ ಒಂದೊಂದು ದಿಕ್ಕಿಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2006ರ ಕಾನೂನು ಧರ್ಮದ ಆಧಾರದ ಮೇಲೆ ಜನರ ವಿರುದ್ಧ ದ್ವೇಷ ಕೆರಳಿಸುವುದನ್ನು ಅಪರಾಧ ಮಾಡಿತು. ಅದೇ ಉಸಿರಿನಲ್ಲಿ, ಧರ್ಮವನ್ನು ಟೀಕಿಸುವುದು, ಗೇಲಿ ಮಾಡುವುದು, ಅವಮಾನಿಸುವುದು ಈ ಕಾನೂನಿನಡಿ ಬರುವುದಿಲ್ಲ ಅಂತಲೂ ಬರೆಯಿತು. ಭಾರತದಲ್ಲಿ ಧಾರ್ಮಿಕ ಭಾವನೆ ಕೆರಳಿಸುವುದನ್ನು ಅಪರಾಧ ಮಾಡಲು 1927ರಲ್ಲಿ ಬಂದ ದಂಡ ಸಂಹಿತೆಯ 295ಎ ಕಲಂ ಈಗ ನ್ಯಾಯ ಸಂಹಿತೆಯ 299ನೇ ಕಲಂ ಆಗಿ ಮುಂದುವರಿದಿದೆ. 1957ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದರೂ, ಬೇಕೆಂದೇ ಕೆಟ್ಟ ಉದ್ದೇಶದಿಂದ ಮಾಡಿದ ಅವಮಾನಕ್ಕೆ ಮಾತ್ರ ಅದು ಅನ್ವಯಿಸುತ್ತದೆ ಅಂತ ಹೇಳಿತ್ತು. 2018ರ ಅಕ್ಟೋಬರ್ 25ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಪ್ರವಾದಿ ಮುಹಮ್ಮದರ ಮದುವೆಯ ಬಗ್ಗೆ ಮಾತಾಡಿದ ಮಹಿಳೆಗೆ ಆಸ್ಟ್ರಿಯಾ ಹಾಕಿದ್ದ 480 ಯೂರೋ ದಂಡವನ್ನು ಸರಿ ಅಂದಿತು. ಮಾರನೇ ದಿನವೇ ಐರ್ಲೆಂಡಿನ ಸುಮಾರು 65 ಶೇಕಡ ಮತದಾರರು ಧರ್ಮನಿಂದನೆಯ ಅಪರಾಧವನ್ನು ಸಂವಿಧಾನದಿಂದ ಕಿತ್ತುಹಾಕಲು ಮತ ಹಾಕಿದರು. ನನ್ನ ಒಲವು ಐರ್ಲೆಂಡಿನವರ ಕಡೆಗೆ. ಜನರ ಮೇಲಿನ ಹಿಂಸೆಗೆ ಕರೆ ಕೊಟ್ಟವರನ್ನು ಹಿಡಿಯಲು ಧರ್ಮನಿಂದನೆಯ ಕಾನೂನು ಬೇಕಾಗುವುದಿಲ್ಲ.

ನಿಜವೇ ಅಸ್ತ್ರವಾದಾಗ

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಒಂದು ಉಳಿದಿದೆ. ಟೀಕೆ ನಿಜವೇ ಆಗಿದ್ದು, ಮಾಡುವವರ ಉದ್ದೇಶ ದ್ವೇಷವಾಗಿದ್ದರೆ?

1936 ಮತ್ತು 1937ರಲ್ಲಿ ನಾಜಿ ಜರ್ಮನಿ ಹಲವು ಕ್ಯಾಥೊಲಿಕ್ ಪಾದ್ರಿಗಳ, ಸನ್ಯಾಸಿಗಳ ಮೇಲೆ ಲೈಂಗಿಕ ಅಪರಾಧದ ಮೊಕದ್ದಮೆ ಹೂಡಿತು. 1937ರ ಮಾರ್ಚ್‌ನಲ್ಲಿ ಪೋಪ್ ನಾಜಿ ಆಡಳಿತವನ್ನು ಖಂಡಿಸಿ ಬರೆದ ಪತ್ರವನ್ನು ಜರ್ಮನಿಯ ಚರ್ಚುಗಳಲ್ಲಿ ಓದಿದರು. ಅದಾದ ಮೇಲೆ ಈ ಪ್ರಕರಣಗಳ ಸುದ್ದಿ ಪತ್ರಿಕೆಗಳ ತುಂಬ ಬರತೊಡಗಿತು. ಮೇ ತಿಂಗಳಲ್ಲಿ ನಾಜಿ ಪ್ರಚಾರ ಸಚಿವ ಗೊಬೆಲ್ಸ್ ಬರ್ಲಿನ್ನಿನಲ್ಲಿ ಇದರ ಮೇಲೆಯೇ ಭಾಷಣ ಮಾಡಿದ, ರೇಡಿಯೊ ಅದನ್ನು ದೇಶಕ್ಕೆಲ್ಲ ಕೇಳಿಸಿತು. ಆರೋಪಗಳೆಲ್ಲ ಕಟ್ಟುಕಥೆ ಆಗಿರಲಿಲ್ಲ. ಕೆಲವು ಮಕ್ಕಳ ಮೇಲೆ ನಿಜವಾಗಿಯೂ ದೌರ್ಜನ್ಯ ಆಗಿತ್ತು. ಅಂದರೆ ವಿಷಯ ಬಾಸ್ಟನ್ ಗ್ಲೋಬ್ 2002ರಲ್ಲಿ ಎತ್ತಿಕೊಂಡದ್ದೇ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ದೂರು ನಿಜವೇ ಅನ್ನುವುದು ಒಂದು. ಹೇಳುವವರಿಗೆ ಏನು ಬೇಕು ಅನ್ನುವುದು ಇನ್ನೊಂದು. ಗೊಬೆಲ್ಸ್ ಹೇಳಿದ ಅಂತ ಆ ಮಗುವಿನ ದೂರು ಸುಳ್ಳಾಗುವುದಿಲ್ಲ. ದೂರು ನಿಜ ಅಂತ ಗೊಬೆಲ್ಸ್ ಮಕ್ಕಳ ಹಿತೈಷಿಯೂ ಆಗುವುದಿಲ್ಲ. ಗ್ಲೋಬ್ ಪತ್ರಿಕೆಗೆ ಬೇಕಿದ್ದದ್ದು ಮುಚ್ಚಿಟ್ಟ ಕಡತಗಳು ತೆರೆಯುವುದು, ತಪ್ಪು ಮಾಡಿದವರೂ ಅವರನ್ನು ಕಾಪಾಡಿದವರೂ ಹೆಸರು ಹಿಡಿದು ಉತ್ತರ ಕೊಡುವುದು. ಬಾಸ್ಟನ್ನಿನ ಕ್ಯಾಥೊಲಿಕರು ಆಮೇಲೂ ಚರ್ಚಿಗೆ ಹೋದರು, ಮಕ್ಕಳಿಗೆ ಕ್ಯಾಥೊಲಿಕ್ ಶಾಲೆಯಲ್ಲಿ ಓದಿಸಿದರು, ಯಾರೂ ಅವರನ್ನು ತಡೆಯಲಿಲ್ಲ. ನಾಜಿ ಆಡಳಿತದ ಕಣ್ಣು ಇದ್ದದ್ದು ಕ್ಯಾಥೊಲಿಕ್ ಶಾಲೆಗಳ ಮೇಲೆ, ಯುವಕ ಸಂಘಗಳ ಮೇಲೆ. ದಶಕ ಮುಗಿಯುವ ಹೊತ್ತಿಗೆ ಆ ಶಾಲೆಗಳೂ ಸಂಘಗಳೂ ಹೆಚ್ಚು ಕಡಿಮೆ ಪೂರ್ತಿ ಮುಚ್ಚಿಹೋಗಿದ್ದವು. ಯಾವ ತಪ್ಪೂ ಮಾಡದ ಶಿಕ್ಷಕರು ಕೆಲಸ ಕಳೆದುಕೊಂಡಿದ್ದರು, ದೂರಿಗೂ ತಮಗೂ ಸಂಬಂಧವೇ ಇಲ್ಲದ ಹುಡುಗರು ನಾಜಿಗಳ ಯುವಕ ಸಂಘ ಹಿಟ್ಲರ್ ಯೂತ್ ಸೇರಬೇಕಾಗಿ ಬಂದಿತ್ತು.